ಹೊಸ ಕಂಪೈಲರ್ ಬಂತೆಂದರೆ

ಜಿಸಿಸಿ ಕಂಪೈಲರ್‌ನ ಹೊಸ ಆವೃತ್ತಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಬೇಸಿಗೆಯ ಹೊತ್ತಿಗೆ ಬರುತ್ತದೆ. ಬಂತೆಂದರೆ ನನಗೆ ಕೈತುಂಬ ಕೆಲಸ. ನಾನಿರುವುದು ಬೆಂಗಳೂರಿನಲ್ಲಿ, ಜೆಫಿರ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಮೇಲೆ ಸಾಧನಗಳನ್ನು ಕಟ್ಟುವ ತಂಡದಲ್ಲಿ. ಸಾಧನ ಏನು ಮಾಡಬೇಕೆಂಬ ಪ್ರೋಗ್ರಾಂ ಬರೆಯುವವರು ನನ್ನ ಸಹೋದ್ಯೋಗಿಗಳು. ಅವರು ಬರೆದದ್ದು ಚಿಪ್ಪಿನೊಳಗೆ ಹೋಗಿ ಕೂರುವ ದಾರಿಯನ್ನು ಸರಿಯಾಗಿಟ್ಟುಕೊಳ್ಳುವುದು ನನ್ನ ಪಾಲಿನದು.

ಮೀಟರು, ಬಾಗಿಲ ಬೀಗ, ಕೈಗಡಿಯಾರ, ಕಿವಿಗೆ ಹಾಕುವ ಶ್ರವಣ ಸಾಧನ ಇವುಗಳಲ್ಲಿರುವ ಚಿಪ್ಪಿಗೆ ಕೆಲವೇ ನೂರು ಕಿಲೋಬೈಟ್ ಜಾಗ ಇರುವುದುಂಟು, ಕೆಲವಕ್ಕೆ ಅಷ್ಟೂ ಇರುವುದಿಲ್ಲ. ಅದರೊಳಗೆ ಕಂಪೈಲರ್ ಓಡಿಸುವ ಮಾತೇ ಇಲ್ಲ. ಹಾಗಾಗಿ ನಮ್ಮ ಲ್ಯಾಪ್‌ಟಾಪಿನಲ್ಲಿ ಕೂತ ಕಂಪೈಲರ್, ತನ್ನದಲ್ಲದ ಚಿಪ್ಪಿನ ಭಾಷೆಗೆ ನಮ್ಮ ಸಿ ಕೋಡನ್ನು ಇಳಿಸಿಕೊಡುತ್ತದೆ. ಅದರ ಜೊತೆಗೆ ಅಸೆಂಬ್ಲರ್, ತುಂಡುಗಳನ್ನೆಲ್ಲ ಸೇರಿಸಿ ಮೆಮೊರಿಯಲ್ಲಿ ಎಲ್ಲೆಲ್ಲಿ ಇಡಬೇಕೆಂದು ನಿರ್ಧರಿಸುವ ಲಿಂಕರ್, ಡಿಬಗ್ಗರ್, ಸಿ ಲೈಬ್ರರಿ ಇವೆಲ್ಲ ಸೇರಿ ಒಂದು ಟೂಲ್‌ಚೈನ್.

ಒಂದೇ ಟೂಲ್‌ಚೈನ್ ಸಾಕಲ್ಲವೇ ಎಂದು ಹೊಸಬರು ಕೇಳುತ್ತಾರೆ. ಲಿನಕ್ಸ್ ಫೌಂಡೇಶನ್ 2016ರಲ್ಲಿ ಜೆಫಿರ್ ಶುರುಮಾಡಿದಾಗಿನಿಂದ ಅದು ಆರ್ಮ್, ಎಕ್ಸ್86, ರಿಸ್ಕ್-ಫೈವ್, ಎಕ್ಸ್‌ಟೆನ್ಸಾ ಹೀಗೆ ಬಗೆಬಗೆಯ ಪ್ರೊಸೆಸರ್‌ಗಳಿಗೆ ಹರಡಿದೆ. ಕೆಲವು ಪ್ರೊಸೆಸರ್ ತಯಾರಕರು ತಮ್ಮದೇ ಕಂಪೈಲರ್ ಕೊಡುತ್ತಾರೆ. ಕಾರಿನ ಬ್ರೇಕಿಗೋ ಆಸ್ಪತ್ರೆಯ ಉಪಕರಣಕ್ಕೋ ಕೋಡ್ ಬರೆಯುವವರು ಸುರಕ್ಷತಾ ಪ್ರಮಾಣಪತ್ರ ಪಡೆದ ಕಂಪೈಲರನ್ನೇ ಕೇಳುತ್ತಾರೆ. ಹೀಗಾಗಿ ಜಿಸಿಸಿ, ಕ್ಲ್ಯಾಂಗ್, ಆರ್ಮ್ ಕಂಪನಿಯದು, ಐಎಆರ್ ಎಲ್ಲವೂ ಬೇಕು. ಕೋಡ್ ಚಿಕ್ಕದಾಗಲಿ ಎನ್ನಲು ಜಿಸಿಸಿಗೂ ಕ್ಲ್ಯಾಂಗ್‌ಗೂ ‘ಓ ಎಸ್’ ಎಂಬ ಫ್ಲ್ಯಾಗ್ (ಸೂಚನೆ) ಕೊಟ್ಟರೆ, ಐಎಆರ್‌ಗೆ ‘ಓ ಎಚ್ ಝಡ್’ ಕೊಡಬೇಕು. ಜೆಫಿರ್‌ನ ಬಿಲ್ಡ್ ಫೈಲುಗಳಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ವ್ಯವಸ್ಥೆ ಇದೆ. ಉಳಿದ ಕೋಡು ‘ಚಿಕ್ಕದಾಗಿಸು’ ಎಂದಷ್ಟೇ ಕೇಳುತ್ತದೆ. ಆ ಬೇಡಿಕೆಗೆ ಯಾವ ಫ್ಲ್ಯಾಗ್ ಎಂಬುದು ಆಯಾ ಕಂಪೈಲರ್ ಹೆಸರಿನ ಫೋಲ್ಡರಿನಲ್ಲಿ ಬರೆದಿರುತ್ತದೆ. ಫ್ಲ್ಯಾಗ್ ಈ ಕಂಪೈಲರ್‌ಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಬಿಲ್ಡ್ ವ್ಯವಸ್ಥೆಯೇ ಒಂದು ಪುಟಾಣಿ ಪ್ರೋಗ್ರಾಂ ಕಂಪೈಲ್ ಮಾಡಿ ನೋಡುತ್ತದೆ, ಉತ್ತರವನ್ನು ಮುಂದಿನ ಸಲಕ್ಕೆ ಬರೆದಿಟ್ಟುಕೊಳ್ಳುತ್ತದೆ.

ಇಷ್ಟಾದರೆ ಇದು ಬರೀ ಪಟ್ಟಿ ನೋಡಿಕೊಳ್ಳುವ ಕೆಲಸ ಅನ್ನಿಸಬಹುದು. ಹಾಗಿಲ್ಲ ಎನ್ನುವುದಕ್ಕೆ ಮೆಮ್‌ಸೆಟ್ ಎಂಬ ಫಂಕ್ಷನ್ ನೋಡಿ. ಮೆಮೊರಿಯ ಒಂದು ಭಾಗವನ್ನು ಸೊನ್ನೆಯಿಂದಲೋ ಇನ್ನಾವುದೋ ಬೆಲೆಯಿಂದಲೋ ತುಂಬುವುದು ಅದರ ಕೆಲಸ. ಒಳಗಿರುವುದು ಒಂದು ಲೂಪ್: ಒಂದು ಬೈಟ್ ಬರೆ, ಮುಂದಕ್ಕೆ ಹೋಗು, ಮುಗಿಯುವ ತನಕ ಹೀಗೇ ಮಾಡು. ದೊಡ್ಡ ಕಂಪ್ಯೂಟರಿನಲ್ಲಿ ಇದನ್ನು ಯಾರೋ ಬರೆದಿಟ್ಟಿರುತ್ತಾರೆ, ಪುಟ್ಟ ಆಪರೇಟಿಂಗ್ ಸಿಸ್ಟಮ್ ತಾನೇ ಬರೆದುಕೊಳ್ಳಬೇಕಾಗಿ ಬರುತ್ತದೆ. ಆಪ್ಟಿಮೈಸ್ ಮಾಡುವಾಗ ಜಿಸಿಸಿ ಆ ಲೂಪನ್ನು ಓದಿ, ಇದು ಮೆಮ್‌ಸೆಟ್ ಮಾಡುವ ಕೆಲಸವೇ ಎಂದು ಗುರುತಿಸಿಬಿಡಬಹುದು. ಲೂಪ್ ತೆಗೆದು ಆ ಜಾಗದಲ್ಲಿ ಮೆಮ್‌ಸೆಟ್‌ಗೆ ಒಂದು ಕರೆ ಹಾಕುತ್ತದೆ. ಬೇರೆ ಎಲ್ಲೇ ಆಗಿದ್ದರೂ ಇದು ಉಪಕಾರವೇ. ಆದರೆ ಈ ಲೂಪ್ ಇರುವುದೇ ಮೆಮ್‌ಸೆಟ್‌ನ ಹೊಟ್ಟೆಯೊಳಗೆ. ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತದೆ, ಮತ್ತೆ ಕರೆದುಕೊಳ್ಳುತ್ತದೆ, ಸ್ಟ್ಯಾಕ್ ತುಂಬಿಹೋಗುವವರೆಗೆ ಕರೆಯುತ್ತಲೇ ಇರುತ್ತದೆ.

ಎರರ್ ಇಲ್ಲದೆ ಬಿಲ್ಡ್ ಮುಗಿದಿರುತ್ತದೆ. ಬೋರ್ಡಿಗೆ ಪವರ್ ಕೊಟ್ಟರೆ ಎಲ್‌ಇಡಿ ಮಿನುಗುವುದಿಲ್ಲ, ಸೀರಿಯಲ್ ಪೋರ್ಟಿನಲ್ಲಿ ಒಂದಕ್ಷರ ಬರುವುದಿಲ್ಲ. ಕೊನೆಗೆ ಅಸೆಂಬ್ಲಿ ಕೋಡನ್ನು ತೆರೆದು ಸಾಲು ಸಾಲಾಗಿ ಓದಿದಾಗ, ಮೆಮ್‌ಸೆಟ್‌ನೊಳಗೆ ಮೆಮ್‌ಸೆಟ್‌ಗೇ ಕರೆ ಇರುವುದು ಕಣ್ಣಿಗೆ ಬೀಳುತ್ತದೆ. ಜಿಸಿಸಿಯಲ್ಲಿ ಇದನ್ನು ತಡೆಯಲು ‘ನೋ ಟ್ರೀ ಲೂಪ್ ಡಿಸ್ಟ್ರಿಬ್ಯೂಟ್ ಪ್ಯಾಟರ್ನ್ಸ್’ ಎಂಬ ಉದ್ದನೆಯ ಫ್ಲ್ಯಾಗ್ ಇದೆ. ಕ್ಲ್ಯಾಂಗ್‌ನಲ್ಲಿ ಅದು ನಡೆಯುವುದಿಲ್ಲ, ಅಲ್ಲಿ ‘ನೋ ಬಿಲ್ಟಿನ್’ ಎನ್ನಬೇಕು. ಈ ತಿಳಿವಳಿಕೆ ಯಾರದೋ ತಲೆಯಲ್ಲಿದ್ದರೆ ಸಾಲದು, ಬಿಲ್ಡ್ ಫೈಲಿನ ಒಂದು ಸಾಲಾಗಿ ಕೂತಿರಬೇಕು.

ಇನ್ನು ಕೆಲವು ಸಲ ಕಂಪೈಲರ್ ಬಿಗಿಯಾಗುತ್ತದೆ. ಸಿ ಪ್ರೋಗ್ರಾಂಗಳಲ್ಲಿ ಒಂದು ವೇರಿಯಬಲನ್ನು ‘ಎಕ್ಸ್‌ಟರ್ನ್’ ಇಲ್ಲದೆ ಹೆಡರ್ ಫೈಲಿನಲ್ಲಿ ಬರೆದು, ಆ ಹೆಡರನ್ನು ಎರಡು ಮೂರು ಕಡೆ ಸೇರಿಸುವ ಅಭ್ಯಾಸ ಬಹಳ ಹಳೆಯದು. ಹಾಗೆ ಹುಟ್ಟಿದ ಪ್ರತಿಗಳನ್ನು ಲಿಂಕರ್ ಸದ್ದಿಲ್ಲದೆ ಒಂದುಗೂಡಿಸುತ್ತಿತ್ತು. 2020ರಲ್ಲಿ ಬಂದ ಜಿಸಿಸಿ 10 ಆ ಸಡಿಲಿಕೆಯನ್ನು ಡೀಫಾಲ್ಟ್ ಆಗಿ ತೆಗೆದುಹಾಕಿತು. ವರ್ಷಗಟ್ಟಲೆ ಬಿಲ್ಡ್ ಆಗುತ್ತಿದ್ದ ಕೋಡು ‘ಮಲ್ಟಿಪಲ್ ಡೆಫಿನಿಷನ್’ ಎಂದು ನಿಂತುಹೋಯಿತು. 2024ರ ಜಿಸಿಸಿ 14ರಲ್ಲಿ, ಮೊದಲೇ ಘೋಷಿಸದ ಫಂಕ್ಷನ್ ಕರೆದರೆ ವಾರ್ನಿಂಗ್ ಬದಲು ಎರರ್.

ಇಂಥ ಹೊತ್ತಿನಲ್ಲಿ ಎರಡು ದಾರಿ ಇರುತ್ತವೆ. ‘ಎಫ್ ಕಾಮನ್’ ಎಂಬ ಫ್ಲ್ಯಾಗ್ ಸೇರಿಸಿ ಹಳೆಯ ನಡವಳಿಕೆಯನ್ನೇ ವಾಪಸ್ ತರಬಹುದು, ಐದು ನಿಮಿಷದ ಕೆಲಸ. ಅಥವಾ ಕೋಡನ್ನೇ ತಿದ್ದಿ, ಅದು ಬೇರೆಯವರ ಲೈಬ್ರರಿಯಾದರೆ ತಿದ್ದುಪಡಿಯನ್ನು ಅವರಿಗೆ ಕಳಿಸಿ, ಅವರು ಒಪ್ಪುವವರೆಗೆ ಕಾಯಬೇಕು. ನಾನು ಹಟ ಹಿಡಿಯುವುದು ಎರಡನೆಯದಕ್ಕೇ. ತಾತ್ಕಾಲಿಕವೆಂದು ಸೇರಿಸಿದ ಫ್ಲ್ಯಾಗನ್ನು ತೆಗೆಯುವವರು ಯಾರೂ ಇರುವುದಿಲ್ಲ. ಕೆಲವೇ ವರ್ಷಗಳಲ್ಲಿ ಫೈಲಿನ ತುಂಬ ಯಾತಕ್ಕಿವೆಯೆಂದು ಗೊತ್ತಿಲ್ಲದ ಫ್ಲ್ಯಾಗುಗಳು ತುಂಬಿ, ತೆಗೆದರೆ ಏನು ಮುರಿಯುತ್ತದೋ ಎಂಬ ಭಯ ಶುರುವಾಗುತ್ತದೆ. ಸೇರಿಸಲೇಬೇಕಾಗಿ ಬಂದರೆ ಪಕ್ಕದಲ್ಲಿ ಕಾರಣ ಬರೆಯಿರಿ: ಯಾವ ಕಂಪೈಲರ್, ಯಾವ ಆವೃತ್ತಿ, ಏನು ಮುರಿಯಿತು.

ಹಳೆಯ ಕಂಪೈಲರನ್ನೇ ಇಟ್ಟುಕೊಂಡರೆ ಈ ರಗಳೆಯೇ ಇರುವುದಿಲ್ಲ ಎನ್ನುವವರಿದ್ದಾರೆ. ಮಾರುಕಟ್ಟೆಗೆ ಹೋದ ಸಾಧನದ ಮಟ್ಟಿಗೆ ಅದು ಸರಿ. ಅದನ್ನು ಕಟ್ಟಿದ ಕಂಪೈಲರನ್ನೇ ಜೋಪಾನವಾಗಿ ಇಡಬೇಕು, ನಾವೂ ಇಟ್ಟಿದ್ದೇವೆ. ಆದರೆ ಭದ್ರತಾ ಲೋಪ ಸರಿಪಡಿಸಿದ ಹೊಸ ಜೆಫಿರ್ ಬೇಕೆಂದಾಗ ಅದು ಹೊಸ ಟೂಲ್‌ಚೈನ್ ಕೇಳುತ್ತದೆ. ಹೊಸ ಪ್ರೊಸೆಸರಿನ ಆದೇಶಗಳು ಹಳೆಯ ಕಂಪೈಲರ್‌ಗೆ ಗೊತ್ತೇ ಇರುವುದಿಲ್ಲ. ಲ್ಯಾಪ್‌ಟಾಪೂ ಬದಲಾಗುತ್ತದೆ. 2019ರ ಮ್ಯಾಕ್ಓಎಸ್ ಕ್ಯಾಟಲೀನಾ 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದನ್ನೇ ನಿಲ್ಲಿಸಿತು, ಅಂಥ ಹಳೆಯ ಕಂಪೈಲರ್‌ಗಳೂ ಅಲ್ಲಿಗೇ ನಿಂತವು.

ಹೀಗೆ ಹೊಂದಿಸುವವರು ಹಿಂದೆ ಸರಿದರೂ ಕಷ್ಟವೇ. ಜೆಫಿರ್‌ನಂಥದೇ ಪುಟ್ಟ ಆಪರೇಟಿಂಗ್ ಸಿಸ್ಟಮ್ ಆದ ಆರ್ಮ್ ಕಂಪನಿಯ ಎಂಬೆಡ್ ಓಎಸ್ ನನ್ನಂಥ ಎಷ್ಟೋ ಜನ ಕೆಲಸ ಕಲಿತ ಜಾಗ. 2024ರಲ್ಲಿ ಕಂಪನಿ, 2026ರ ಜುಲೈಗೆ ಅದರ ಬೆಂಬಲ ಮುಗಿಯುತ್ತದೆಂದು ಪ್ರಕಟಿಸಿತು. ಕೋಡು ಎಲ್ಲರಿಗೂ ಮುಕ್ತವಾಗಿಯೇ ಇದೆ. ಆದರೆ ಮುಂದಿನ ಜಿಸಿಸಿ ಬಂದಾಗ ಅದನ್ನು ಕೂತು ಹೊಂದಿಸುವ ಭಾರ ಕಂಪನಿಯ ಹೆಗಲಿನಿಂದ ಸ್ವಯಂಸೇವಕರ ಹೆಗಲಿಗೆ ಬಿತ್ತು.

ಇಂಥ ಸಿಸ್ಟಮ್‌ಗಳನ್ನು ಪುಕ್ಕಟೆ ಬಳಸಿ ಸಾಧನ ಮಾರುವ ಕಂಪನಿಗಳಿಗೆ ನನ್ನ ವಿನಂತಿ ಇಷ್ಟೇ: ನಿಮ್ಮ ಒಬ್ಬ ಎಂಜಿನಿಯರ್‌ಗಾದರೂ ವಾರದಲ್ಲಿ ಒಂದು ದಿನ ಈ ಕೆಲಸಕ್ಕೆ ಬಿಡುವು ಕೊಡಿ. ಎಂಜಿನಿಯರಿಂಗ್ ಓದುತ್ತಿರುವವರು ಬೋರ್ಡ್ ಕೊಳ್ಳುವ ತನಕ ಕಾಯಬೇಕಿಲ್ಲ. ಕ್ಯೂಎಮು ಎಂಬ ಎಮ್ಯುಲೇಟರ್ ಹಾಕಿಕೊಂಡು, ಜೆಫಿರ್ ಜೊತೆಗೇ ಬರುವ ಹಲೋ ವರ್ಲ್ಡ್ ಉದಾಹರಣೆಯನ್ನು ಮೊದಲು ಜಿಸಿಸಿಯಲ್ಲಿ, ಆಮೇಲೆ ಕ್ಲ್ಯಾಂಗ್‌ನಲ್ಲಿ ಬಿಲ್ಡ್ ಮಾಡಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದ ವಾರ್ನಿಂಗ್ ಸಿಕ್ಕರೆ ಅದರ ಕಾರಣ ಹುಡುಕಿ, ತಿದ್ದುಪಡಿ ಕಳಿಸಿ.