ಭೂಬಳಕೆ ಯೋಜನೆ ಮತ್ತು ಜನಹಿತ: ಮುಂಬಯಿಯ ಗಿರಣಿ ಭೂಮಿಯ ಪಾಠ

ನಗರವೊಂದರ ಭೂಮಿ ಮಿತವಾದುದು; ಅದರ ಮೇಲಿನ ಬೇಡಿಕೆಗಳು ಅಪರಿಮಿತ. ವಸತಿ, ಉದ್ಯಮ, ರಸ್ತೆ, ಶಾಲೆ, ಆಸ್ಪತ್ರೆ, ಉದ್ಯಾನ ಇವುಗಳಿಗೆ ಎಲ್ಲಿ ಎಷ್ಟು ನೆಲ ಸಲ್ಲಬೇಕೆಂಬುದನ್ನು ಮುಂಚಿತವಾಗಿ ನಿರ್ಧರಿಸುವ ವ್ಯವಸ್ಥೆಯೇ ಭೂಬಳಕೆ ಯೋಜನೆ. ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಅಧಿನಿಯಮದ ಅನ್ವಯ ನಗರಗಳ ಅಭಿವೃದ್ಧಿ ಯೋಜನೆಗಳು ಸಿದ್ಧವಾಗುತ್ತವೆ. ಯೋಜನೆಯ ನಕಾಶೆಯೊಡನೆ ಕಟ್ಟಡಗಳ ನಿರ್ಮಾಣವನ್ನು ನಿಯಂತ್ರಿಸುವ ನಿಯಮಾವಳಿಯೂ ಇರುತ್ತದೆ. ನಕಾಶೆಯಲ್ಲಿನ ಬಣ್ಣಗಳಷ್ಟೇ ಈ ನಿಯಮಗಳ ಪದಗಳೂ ಮಹತ್ವದವು. ಮುಂಬಯಿಯ ಬಟ್ಟೆ ಗಿರಣಿಗಳ ಭೂಮಿಯ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ.

ಮೂರು ಪಾಲುಗಳ ಸೂತ್ರ

ಪರೇಲ್, ಲಾಲ್‌ಬಾಗ್, ವರಳಿ ಮುಂತಾದ ಪ್ರದೇಶಗಳನ್ನೊಳಗೊಂಡ ಗಿರಣಗಾಂವ್ ಒಂದು ಕಾಲದಲ್ಲಿ ಮುಂಬಯಿಯ ಜೀವನಾಡಿಯಾಗಿತ್ತು. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಅನಂತರದ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಗರದ ಮಧ್ಯಭಾಗದಲ್ಲಿದ್ದ ಸುಮಾರು 600 ಎಕರೆ ಗಿರಣಿ ಭೂಮಿಯ ಮುಂದಿನ ಬಳಕೆ ಏನೆಂಬ ಪ್ರಶ್ನೆ ಉದ್ಭವಿಸಿತು.

1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮವು ಇದಕ್ಕೆ ಸಮತೋಲನದ ಉತ್ತರವನ್ನು ನೀಡಿತು. ಗಿರಣಿಯನ್ನು ಕೆಡವಿ ಭೂಮಿಯನ್ನು ಪುನರಭಿವೃದ್ಧಿಪಡಿಸುವಾಗ ಸ್ಥೂಲವಾಗಿ ಮೂರನೆಯ ಒಂದು ಪಾಲು ಉದ್ಯಾನ ಮೊದಲಾದ ಸಾರ್ವಜನಿಕ ಬಯಲಿಗೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ ಮತ್ತು ಉಳಿದ ಪಾಲು ಮಾಲೀಕರಿಗೆ ಸಲ್ಲಬೇಕೆಂದು ಅದು ವಿಧಿಸಿತು. ಪರಿಸರ, ವಸತಿ ಮತ್ತು ಆರ್ಥಿಕ ಹಿತ ಮೂರೂ ಒಂದೇ ಸೂತ್ರದಲ್ಲಿ ಅಡಕವಾಗಿದ್ದವು.

ಒಂದು ತಿದ್ದುಪಡಿಯ ಪರಿಣಾಮ

2001ರಲ್ಲಿ ಈ ನಿಯಮಕ್ಕೆ ತಿದ್ದುಪಡಿ ತರಲಾಯಿತು. ಗಿರಣಿಯ ಇಡೀ ಭೂಮಿಯ ಬದಲು, ಕಟ್ಟಡಗಳಿಲ್ಲದೆ ಖಾಲಿಯಿದ್ದ ಭೂಮಿಯನ್ನು ಮಾತ್ರ ಹಂಚಿಕೆಗೆ ಪರಿಗಣಿಸತಕ್ಕದ್ದೆಂದಾಯಿತು. ಕಟ್ಟಡವನ್ನು ಕೆಡವಿದ ಮೇಲೆ ತೆರವಾಗುವ ನೆಲ ಲೆಕ್ಕದಿಂದ ಹೊರಗುಳಿಯಿತು. ಉದಾಹರಣೆಗೆ, 12 ಎಕರೆಯ ಗಿರಣಿಯೊಂದರಲ್ಲಿ 9 ಎಕರೆಯ ಮೇಲೆ ಕಟ್ಟಡಗಳಿದ್ದು 3 ಎಕರೆ ಖಾಲಿಯಿದೆ ಎಂದು ಭಾವಿಸೋಣ. ಹಳೆಯ ನಿಯಮದಂತೆ ಸುಮಾರು 4 ಎಕರೆ ಸಾರ್ವಜನಿಕ ಬಯಲು ದೊರೆಯುತ್ತಿತ್ತು. ಹೊಸ ನಿಯಮದಂತೆ ದೊರೆಯುವುದು ಸುಮಾರು 1 ಎಕರೆ ಮಾತ್ರ. ವಸತಿಯ ಪಾಲೂ ಅದೇ ರೀತಿ ಕುಗ್ಗಿತು.

ಇದನ್ನು ಪ್ರಶ್ನಿಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅರ್ಜಿದಾರರ ಪರವಾಗಿ ತೀರ್ಪಿತ್ತಿತು. ಆದರೆ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಿಗಳ ಜಾಗದಲ್ಲಿ ಕಚೇರಿ ಸಂಕೀರ್ಣಗಳು, ಮಾಲ್‌ಗಳು, ಗಗನಚುಂಬಿ ವಸತಿ ಕಟ್ಟಡಗಳು ತಲೆಯೆತ್ತಿದವು. 2012ರಲ್ಲಿ ಗಿರಣಿ ಕಾರ್ಮಿಕರಿಗಾಗಿ ಲಾಟರಿಯ ಮೂಲಕ ಮನೆಗಳ ಹಂಚಿಕೆ ನಡೆಯಿತಾದರೂ, ಮುಷ್ಕರ ಆರಂಭವಾಗಿ ಅಷ್ಟರಲ್ಲಿ ಮೂವತ್ತು ವರ್ಷಗಳು ಕಳೆದಿದ್ದವು.

ಬಯಲು ಕೇವಲ ವಿಹಾರದ ತಾಣವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ನಗರ ಜಲಾವೃತವಾಯಿತು. ನೀರು ಇಂಗಲು ತೆರೆದ ಮಣ್ಣು ಮತ್ತು ಹರಿಯಲು ಅಡೆತಡೆಯಿಲ್ಲದ ದಾರಿ ನಗರಕ್ಕೆ ಎಷ್ಟು ಅವಶ್ಯವೆಂಬುದನ್ನು ಆ ದಿನ ಮನಗಾಣಿಸಿತು.

ನಾಗರಿಕರ ಪಾತ್ರ

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಯೋಜನೆ ಹಾಗೂ ಭೂಬಳಕೆಯ ನಿಯಂತ್ರಣವನ್ನು, ರಾಜ್ಯಗಳು ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿದೆ. ಅಭಿವೃದ್ಧಿ ಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸುವುದನ್ನು ರಾಜ್ಯದ ಅಧಿನಿಯಮವು ಕಡ್ಡಾಯಗೊಳಿಸಿದೆ.

ಈ ಅವಕಾಶ ನಾಮಮಾತ್ರದ್ದಲ್ಲ. ಮುಂಬಯಿಯ 2034ರವರೆಗಿನ ಯೋಜನೆಯ ಕರಡು 2015ರಲ್ಲಿ ಪ್ರಕಟವಾದಾಗ ಸಹಸ್ರಾರು ಆಕ್ಷೇಪಣೆಗಳು ಬಂದವು. ರಾಜ್ಯ ಸರ್ಕಾರವು ಅದನ್ನು ತಡೆಹಿಡಿದು ಪರಿಷ್ಕರಣೆಗೆ ಆದೇಶಿಸಿತು. ಪರಿಷ್ಕೃತ ಕರಡು 2016ರಲ್ಲಿ ಪ್ರಕಟವಾಗಿ, 2018ರಲ್ಲಿ ಯೋಜನೆಗೆ ಮಂಜೂರಾತಿ ದೊರೆಯಿತು.

ಆದುದರಿಂದ ತಮ್ಮ ನಗರದ ಯೋಜನೆಯ ಕರಡು ಪ್ರಕಟವಾದಾಗ ನಾಗರಿಕರು ತಮ್ಮ ವಾರ್ಡಿನ ನಕಾಶೆಯನ್ನು ಪರಿಶೀಲಿಸಿ, ಶಾಲೆ, ಮೈದಾನ, ನಾಲೆ, ವಸತಿ ಪ್ರದೇಶಗಳು ಸರಿಯಾಗಿ ನಮೂದಾಗಿವೆಯೇ ಎಂಬುದನ್ನು ನೋಡಬೇಕು. ಲೋಪಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತವಾಗಿ ತಿಳಿಸಬೇಕು. ಸ್ಥಳೀಯ ಭಾಷೆಯ ದಸ್ತಾವೇಜುಗಳನ್ನು ಓದಲು ಕಷ್ಟಪಡುವ ಹೊರನಾಡ ಕನ್ನಡಿಗರಿಗೆ ಕನ್ನಡ ಸಂಘಗಳು ಈ ವಿಷಯದಲ್ಲಿ ನೆರವಾಗಬಹುದು. ಮೂಲ ಯೋಜನೆಯಷ್ಟೇ ಎಚ್ಚರದಿಂದ ಅದರ ತಿದ್ದುಪಡಿಗಳನ್ನೂ ಗಮನಿಸುವುದು ಅವಶ್ಯ. ಒಮ್ಮೆ ಕಟ್ಟಡಗಳಿಂದ ತುಂಬಿದ ನೆಲ ಮತ್ತೆ ಬಯಲಾಗುವುದು ಅತಿ ವಿರಳ.