ಮಂಡಿ ಮಣಿಯದಿದ್ದರೆ ಪೂಜೆ ನಿಲ್ಲಬೇಕೆ?

ನೆಲದ ಮೇಲೆ ಕುಳಿತುಕೊಳ್ಳಲಾಗದೆ ಪೂಜೆಯನ್ನೇ ಬಿಟ್ಟವರು ನಿಮ್ಮ ಮನೆಯಲ್ಲಿಯೂ ಇದ್ದಾರು. ನನ್ನ ತಾಯಿಯವರೂ ಹಾಗೆಯೇ ಬಿಟ್ಟಿದ್ದರು. “ದೇವರ ಎದುರು ಕುರ್ಚಿಯಲ್ಲಿ ಕೂತು ಜಪವೇ? ಎಲ್ಲಾದರೂ ಉಂಟೇ?” ಎಂದು ಅವರ ಸಂಕೋಚ.

ಶಾಸ್ತ್ರ ಅಷ್ಟು ಕಠಿಣವಲ್ಲ. ಪತಂಜಲಿ ಮಹರ್ಷಿಗಳು ಆಸನದಲ್ಲಿ ಬಯಸುವ ಗುಣಗಳು ಎರಡೇ: ಸ್ಥೈರ್ಯ ಮತ್ತು ಸುಖ. ಪದ್ಮಾಸನವೇ ಆಗಬೇಕೆಂಬ ಕಟ್ಟಳೆ ಯೋಗಸೂತ್ರದಲ್ಲಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಕುರ್ಚಿ, ಪಟ್ಟಿ, ಮರದ ತುಂಡುಗಳ ಆಸರೆಯಿತ್ತು ಅಶಕ್ತರಿಗೂ ಆಸನಗಳನ್ನು ಕಲಿಸಿದರು.

ಅಲುಗಾಡದ ಕುರ್ಚಿಯೊಂದನ್ನು ಗೋಡೆಗೆ ಆನಿಸಿಡಿ. ಪಾದಗಳು ನೆಲ ಮುಟ್ಟಲಿ, ಎಟುಕದಿದ್ದರೆ ಮಣೆಯಿಡಿ. ಬೆನ್ನು ನೆಟ್ಟಗಿರಲಿ; ಉಸಿರನ್ನು ಬಲವಂತದಿಂದ ಕಟ್ಟುವುದು ಬೇಡ. ದೇವರ ಪಟ ಕಣ್ಣಿನ ಮಟ್ಟಕ್ಕೆ ಬರಲಿ. ಸಾಷ್ಟಾಂಗ ಆಗದವರು ಕೈಮುಗಿದು ತಲೆಬಾಗಿದರೆ ಅದೂ ನಮಸ್ಕಾರವೇ. ಹಾಸಿಗೆ ಹಿಡಿದವರಿಗೆ ಮಾನಸಪೂಜೆಯುಂಟು: ಅಭಿಷೇಕ, ಹೂವು, ನೈವೇದ್ಯ, ಮಂಗಳಾರತಿ ಎಲ್ಲವೂ ಮನಸ್ಸಿನಲ್ಲಿಯೇ, ಕ್ರಮ ತಪ್ಪದೆ.

ಇದನ್ನೆಲ್ಲ ತಿಳಿಸಿ ಹೇಳಿದ ಮೇಲೆ ತಾಯಿಯವರು ಮತ್ತೆ ಜಪಮಾಲೆಯನ್ನು ಕೈಗೆತ್ತಿಕೊಂಡರು; ಕೊನೆಯವರೆಗೂ ಬಿಡಲಿಲ್ಲ. ನಿಮ್ಮ ಮನೆಯ ಹಿರಿಯರು ಕೇಳಲು ಸಂಕೋಚಪಟ್ಟಾರು. ನೀವೇ ದೇವರ ಮುಂದೆ ಒಂದು ಕುರ್ಚಿ ಹಾಕಿಕೊಡಿ.