ಬಳಸಿದ ಎಂಜಿನ್ ಕೀಲೆಣ್ಣೆಯ ವಿಶ್ಲೇಷಣೆ ಮತ್ತು ಹೈಬ್ರಿಡ್ ಕಾರಿನ ಎಣ್ಣೆಯ ಆಯ್ಕೆ

ಬಳಸಿದ ಎಂಜಿನ್ ಕೀಲೆಣ್ಣೆಯ ವಿಶ್ಲೇಷಣೆ ಎಂದರೆ ವಾಹನದ ಎಂಜಿನ್ನಿನಲ್ಲಿ ಕೆಲವು ಕಾಲ ಕೆಲಸ ಮಾಡಿದ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಆ ಎಣ್ಣೆಯಲ್ಲಿ ಉಳಿದಿರುವ ಸತ್ವವನ್ನೂ ಎಂಜಿನ್ನಿನ ಒಳಭಾಗಗಳ ಸವೆತವನ್ನೂ ಅರಿಯುವ ವಿಧಾನ. ರೂಢಿಯಲ್ಲಿ ಎಂಜಿನ್ ಆಯಿಲ್ ಎನಿಸಿಕೊಂಡಿರುವ ಕೀಲೆಣ್ಣೆಯು ಎಂಜಿನ್ನಿನ ಎಲ್ಲ ಚಲಿಸುವ ಭಾಗಗಳನ್ನೂ ಮುಟ್ಟಿ ಬರುವುದರಿಂದ, ಅಲ್ಲಿ ಸವೆದ ಲೋಹದ ಕಣ, ಒಳಸೇರಿದ ಧೂಳು, ಪೆಟ್ರೋಲ್ ಮತ್ತು ನೀರಿನ ಅಂಶ ಅದರಲ್ಲಿ ಉಳಿದುಕೊಳ್ಳುತ್ತವೆ. ವೈದ್ಯರಿಗೆ ರಕ್ತಪರೀಕ್ಷೆ ಹೇಗೋ ಯಂತ್ರ ನಿರ್ವಾಹಕರಿಗೆ ಈ ಪರೀಕ್ಷೆ ಹಾಗೆ.

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಹೊಂದಿದ ಹೈಬ್ರಿಡ್ ಕಾರುಗಳಲ್ಲಿ ಈ ವಿಶ್ಲೇಷಣೆಗೆ ವಿಶೇಷ ಅರ್ಥವಿದೆ. ಇವುಗಳಲ್ಲಿ ಕಾರು ಓಡಿದ ಕಿಲೋಮೀಟರುಗಳಿಗೂ ಎಂಜಿನ್ ಓಡಿದ ಕಾಲಕ್ಕೂ ನೇರ ಸಂಬಂಧವಿರುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಂತೆ ಮಳೆಕಾಡು, ಘಟ್ಟದ ರಸ್ತೆ ಮತ್ತು ಬಯಲಿನ ಧೂಳು ಅಕ್ಕಪಕ್ಕದಲ್ಲಿರುವ ಪ್ರದೇಶದಲ್ಲಿ ಎಣ್ಣೆಯ ಸ್ಥಿತಿ ವಾಹನದ ಓಡಾಟದ ರೀತಿಗೆ ತಕ್ಕಂತೆ ಬದಲಾಗುತ್ತದೆ.

ಹಿನ್ನೆಲೆ

ಬಳಸಿದ ಎಣ್ಣೆಯಲ್ಲಿನ ಲೋಹಾಂಶವನ್ನು ಅಳೆದು ಎಂಜಿನ್ನಿನ ದೋಷವನ್ನು ಮುಂಚಿತವಾಗಿ ಕಂಡುಹಿಡಿಯುವ ಪದ್ಧತಿಯು ರೈಲ್ವೆಯಿಂದ ಬಂದದ್ದು. ಅಮೆರಿಕದ ಡೆನ್ವರ್ ಮತ್ತು ರಿಯೋ ಗ್ರಾಂಡೆ ರೈಲ್ವೆಯು 1946ರಲ್ಲಿ ತನ್ನ ಡೀಸೆಲ್ ಎಂಜಿನ್ನುಗಳಿಗೆ ಈ ವಿಧಾನವನ್ನು ಅನ್ವಯಿಸಿತು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಯು ವಿಮಾನದ ಎಂಜಿನ್ನುಗಳಿಗೆ ಇದನ್ನು ಅಳವಡಿಸಿಕೊಂಡಿತು. ಭಾರತೀಯ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿಯೂ ಎಣ್ಣೆಯ ಪರೀಕ್ಷೆ ನಿರ್ವಹಣೆಯ ಭಾಗವಾಗಿದೆ.

ಹೈಬ್ರಿಡ್ ಕಾರುಗಳ ವ್ಯಾಪಕ ಉತ್ಪಾದನೆಯು 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಕಾರಿನೊಂದಿಗೆ ಆರಂಭವಾಯಿತು. ಕರ್ನಾಟಕದಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆಯನ್ನು ಆರಂಭಿಸಿತು. 2022ರಲ್ಲಿ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಇನೋವಾ ಹೈಕ್ರಾಸ್ ಅನಾವರಣಗೊಂಡ ಮೇಲೆ ಇಂಥ ವಾಹನಗಳು ಜಿಲ್ಲಾ ಮತ್ತು ತಾಲೂಕು ಕೇಂದ್ರಗಳ ರಸ್ತೆಗಳಲ್ಲಿಯೂ ಕಾಣತೊಡಗಿದವು.

ಹೈಬ್ರಿಡ್ ಎಂಜಿನ್ನಿನ ವಿಶೇಷತೆ

ಪೂರ್ಣ ಹೈಬ್ರಿಡ್ ಕಾರು ನಿಧಾನಗತಿಯಲ್ಲಿ ಮತ್ತು ಇಳಿಜಾರಿನಲ್ಲಿ ಕೇವಲ ಮೋಟಾರಿನ ಬಲದಿಂದ ಚಲಿಸಬಲ್ಲದು. ಅಗತ್ಯ ಬಿದ್ದಾಗ ಮಾತ್ರ ಎಂಜಿನ್ ಶುರುವಾಗಿ, ಕೆಲವು ನಿಮಿಷಗಳಲ್ಲಿ ಮತ್ತೆ ನಿಲ್ಲುತ್ತದೆ. ಇದರಿಂದ ಇಂಧನ ಉಳಿಯುತ್ತದೆಯಾದರೂ ಎಣ್ಣೆಯ ಮಟ್ಟಿಗೆ ಎರಡು ಪರಿಣಾಮಗಳಿವೆ.

ಮೊದಲನೆಯದು, ಎಣ್ಣೆ ಸಾಕಷ್ಟು ಬಿಸಿಯಾಗದಿರುವುದು. 1 ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು 1 ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಇದರ ಬಹುಭಾಗ ಸೈಲೆನ್ಸರಿನಿಂದ ಹೊರಹೋದರೂ ಅಲ್ಪಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಎಣ್ಣೆಯನ್ನು ಸೇರುತ್ತದೆ. ಉರಿಯದ ಪೆಟ್ರೋಲ್ ಕೂಡ ಇದೇ ಹಾದಿಯಲ್ಲಿ ಇಳಿಯುತ್ತದೆ. ಬಿಸಿ ಎಣ್ಣೆಯಿಂದ ಇವೆರಡೂ ಆವಿಯಾಗಿ ಹೋಗುತ್ತವೆ. ತಣ್ಣಗಿನ ಎಣ್ಣೆಯಲ್ಲಿ ಉಳಿದು ಶೇಖರವಾಗುತ್ತವೆ. ಈಗ ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿಗೆ ಶೇಕಡ 20ರವರೆಗೆ ಬೆರೆಸಲಾಗುವ ಎಥನಾಲ್ ನೀರನ್ನು ಸೆಳೆದುಕೊಳ್ಳುವ ಗುಣವುಳ್ಳದ್ದು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಎರಡನೆಯದು, ಎಂಜಿನ್ ಪದೇ ಪದೇ ಶುರುವಾಗುವುದು. ಅನೇಕ ಹೈಬ್ರಿಡ್ ವ್ಯವಸ್ಥೆಗಳಲ್ಲಿ ಮೋಟಾರು ಎಂಜಿನ್ನನ್ನು ಮೊದಲು ತಿರುಗಿಸಿ, ಅನಂತರ ಇಂಧನ ಹಾಯಿಸುವುದರಿಂದ ಪ್ರತಿ ಆರಂಭದ ಸವೆತ ಕಡಿಮೆಯಿರುತ್ತದೆ. ಆದರೂ ಎಣ್ಣೆ ತಣ್ಣಗಿರುವಾಗಲೂ ಬೇಗನೆ ಹರಿದು ಎಲ್ಲ ಭಾಗಗಳನ್ನೂ ತಲುಪುವಂತಿರಬೇಕು. ತೆಳು ಎಣ್ಣೆಗಳನ್ನು ಸೂಚಿಸಲು ಇದು ಒಂದು ಕಾರಣ. ಇಂಧನ ಉಳಿತಾಯ ಇನ್ನೊಂದು.

ಪ್ರದೇಶದ ಸನ್ನಿವೇಶ

ಜೋಯಿಡಾ ತಾಲೂಕು ಸಹ್ಯಾದ್ರಿಯ ಭಾರೀ ಮಳೆಯ ಪ್ರದೇಶ. ದಾಂಡೇಲಿಯಿಂದ ಜೋಯಿಡಾ ಮಾರ್ಗವಾಗಿ ಅಣಶಿ ಘಟ್ಟವನ್ನಿಳಿದು ಕಾರವಾರಕ್ಕೆ ಸಾಗುವಾಗ ದೀರ್ಘ ಇಳಿಜಾರಿನಲ್ಲಿ ಎಂಜಿನ್ ಬಹುಕಾಲ ಇಂಧನ ಉರಿಸುವುದೇ ಇಲ್ಲ. ಮರಳುವಾಗಿನ ಏರಿನಲ್ಲಿ ಅದೇ ಎಂಜಿನ್ ಹೆಚ್ಚಿನ ಭಾರ ಹೊರುತ್ತದೆ. ದಾಂಡೇಲಿ ಪಟ್ಟಣದೊಳಗೆ ಮನೆಯಿಂದ ಪೇಟೆಗೆ, ಕಾರ್ಖಾನೆಗೆ, ಶಾಲೆಗೆ ಎಂದು ಒಂದೆರಡು ಕಿಲೋಮೀಟರು ಮಾತ್ರ ಓಡುವ ಕಾರಿನಲ್ಲಿ, ಅದರಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ದಿನಗಳಲ್ಲಿ, ಎಣ್ಣೆ ಪೂರ್ಣ ಬಿಸಿಯಾಗುವ ಸಂದರ್ಭವೇ ಅಪರೂಪ.

ಹಳಿಯಾಳ ಮತ್ತು ಮುಂಡಗೋಡ ತಾಲೂಕುಗಳು ಮಲೆನಾಡು ಬಯಲುಸೀಮೆಗಳ ನಡುವಿನ ಸೆರಗಿನಲ್ಲಿವೆ. ಇಲ್ಲಿ ಮಳೆ ಕಡಿಮೆ; ಬೇಸಿಗೆಯಲ್ಲಿ ಹೊಲಗಳ ನಡುವಿನ ಮಣ್ಣುರಸ್ತೆಗಳ ಧೂಳು ಹೆಚ್ಚು. ಏರ್ ಫಿಲ್ಟರ್ ಹಳೆಯದಾಗಿದ್ದರೆ ಅಥವಾ ಸರಿಯಾಗಿ ಕೂಡದಿದ್ದರೆ ಈ ಧೂಳು ಎಂಜಿನ್ನಿಗೆ ಸೇರಿ ಸಿಲಿಂಡರನ್ನು ಉಜ್ಜುತ್ತದೆ. ಹೀಗೆ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಜೋಯಿಡಾದ್ದು ನೀರಿನ ಅಂಶವನ್ನೂ ಹಳಿಯಾಳದ್ದು ಸಿಲಿಕಾನ್ ಅಂಶವನ್ನೂ ಹೆಚ್ಚಾಗಿ ತೋರಿಸುವ ಸಾಧ್ಯತೆಯಿದೆ.

ಮುಖ್ಯ ಪರೀಕ್ಷೆಗಳು

* ಲೋಹಾಂಶ: ಎಣ್ಣೆಯನ್ನು ಅತ್ಯುಷ್ಣ ಪ್ಲಾಸ್ಮಾದಲ್ಲಿ ಹಾಯಿಸಿ, ಹೊಮ್ಮುವ ಬೆಳಕಿನಿಂದ ಧಾತುಗಳನ್ನು ಗುರುತಿಸಲಾಗುತ್ತದೆ. ಫಲಿತಾಂಶವನ್ನು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂದು ಸೂಚಿಸುತ್ತಾರೆ. ಕಬ್ಬಿಣವು ಸಿಲಿಂಡರ್, ಕ್ಯಾಮ್ ದಂಡ ಮತ್ತು ಟೈಮಿಂಗ್ ಚೈನುಗಳಿಂದ, ಅಲ್ಯೂಮಿನಿಯಂ ಪಿಸ್ಟನ್ನಿನಿಂದ, ತಾಮ್ರ, ಸೀಸ ಮತ್ತು ತವರ ಬೇರಿಂಗುಗಳಿಂದ, ಕ್ರೋಮಿಯಂ ಪಿಸ್ಟನ್ ರಿಂಗುಗಳಿಂದ ಬರಬಹುದು. ಸಿಲಿಕಾನ್ ಸಾಮಾನ್ಯವಾಗಿ ಧೂಳಿನ ಸೂಚಕ. ಹೊಸ ಎಂಜಿನ್ನಿನಲ್ಲಿ ಅದು ಜೋಡಣೆಗೆ ಬಳಸಿದ ಅಂಟಿನಿಂದಲೂ ಬಂದಿರಬಹುದು. ಕ್ಯಾಲ್ಸಿಯಂ, ಸತು, ರಂಜಕ, ಮಾಲಿಬ್ಡಿನಂ ಮುಂತಾದವು ಎಣ್ಣೆಗೆ ತಯಾರಕರೇ ಬೆರೆಸಿದ ರಕ್ಷಕ ವಸ್ತುಗಳು.
* ಸ್ನಿಗ್ಧತೆ: 40 ಮತ್ತು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರ ಅಳತೆ. ಪೆಟ್ರೋಲ್ ಬೆರೆತರೆ ಇದು ಇಳಿಯುತ್ತದೆ. ಎಣ್ಣೆ ಉತ್ಕರ್ಷಣಗೊಂಡು ಹಳತಾದರೆ ಏರುತ್ತದೆ.
* ನೀರು ಮತ್ತು ಇಂಧನದ ಅಂಶ: ಹೈಬ್ರಿಡ್ ಕಾರಿಗೆ ಅತ್ಯಂತ ಮುಖ್ಯವಾದ ಅಳತೆಗಳು ಇವು.
* ಪ್ರತ್ಯಾಮ್ಲ ಸಂಖ್ಯೆ: ದಹನದಿಂದ ಹುಟ್ಟುವ ಆಮ್ಲಗಳನ್ನು ತಟಸ್ಥಗೊಳಿಸಲು ಎಣ್ಣೆಯಲ್ಲಿ ಉಳಿದಿರುವ ಶಕ್ತಿ.

ಬಿಳಿ ನೊರೆ: ಸಾಮಾನ್ಯ ತಪ್ಪು ನಿರ್ಣಯ

ಮಳೆಗಾಲದಲ್ಲಿ ಎಣ್ಣೆ ಹಾಕುವ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯಂಥ ಬಿಳಿಯ ನೊರೆ ಕಾಣಿಸಿಕೊಳ್ಳುವುದುಂಟು. ಇದಕ್ಕೆ ಎರಡು ಕಾರಣಗಳಿರಬಹುದು. ಸಣ್ಣ ಓಡಾಟದಿಂದ ಆವಿ ತಣಿದು ನೀರಾಗಿರುವುದು ಒಂದು; ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಹಾಳಾಗಿ ರೇಡಿಯೇಟರಿನ ಕೂಲೆಂಟ್ ದ್ರವ ಎಣ್ಣೆಗೆ ಸೇರುತ್ತಿರುವುದು ಇನ್ನೊಂದು. ಮೊದಲನೆಯದಕ್ಕೆ ದೀರ್ಘ ಪ್ರಯಾಣ ಅಥವಾ ಎಣ್ಣೆಯ ಬದಲಾವಣೆ ಸಾಕು. ಎರಡನೆಯದನ್ನು ಕಡೆಗಣಿಸಿದರೆ ಬೇರಿಂಗುಗಳು ನಾಶವಾಗಿ ಎಂಜಿನ್ನೇ ಕೆಡಬಹುದು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವುದರಿಂದ ಗ್ಯಾರೇಜಿನಲ್ಲಿ ತಪ್ಪು ನಿರ್ಣಯವಾಗುವ ಸಂಭವವಿದೆ.

ವಿಶ್ಲೇಷಣೆಯು ಇವೆರಡನ್ನೂ ಬೇರ್ಪಡಿಸಲು ನೆರವಾಗುತ್ತದೆ. ಕೂಲೆಂಟಿನಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಲವಣಗಳಿರುತ್ತವೆ. ತಣಿದ ಆವಿಯಲ್ಲಿ ಇರುವುದಿಲ್ಲ. ನೀರಿನೊಂದಿಗೆ ಈ ಧಾತುಗಳೂ ಹೊಸ ಎಣ್ಣೆಯಲ್ಲಿದ್ದುದಕ್ಕಿಂತ ಏರಿದ್ದರೆ ಕೂಲೆಂಟ್ ಸೋರಿಕೆಯನ್ನು ಶಂಕಿಸಬೇಕು. ಕೂಲೆಂಟ್ ತೊಟ್ಟಿಯ ಮಟ್ಟ ಇಳಿಯುತ್ತಿದೆಯೇ ಎಂಬುದನ್ನೂ ಜೊತೆಗೆ ನೋಡಬೇಕು.

ಎಣ್ಣೆಯ ಆಯ್ಕೆ

ಡಬ್ಬಿಯ ಮೇಲಿನ 0ಡಬ್ಲ್ಯೂ-20, 5ಡಬ್ಲ್ಯೂ-30 ಎಂಬ ಗುರುತುಗಳು ಎಸ್.ಎ.ಇ. ಸಂಸ್ಥೆಯ ಸ್ನಿಗ್ಧತಾ ದರ್ಜೆಗಳು. ಡಬ್ಲ್ಯೂ ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿ ಹರಿಯುವ ಗುಣವನ್ನೂ ಮುಂದಿನ ಅಂಕಿ ಬಿಸಿಯಲ್ಲಿನ ದಪ್ಪವನ್ನೂ ಸೂಚಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆಯ ಮಿತಿಗಳು ಹೀಗಿವೆ:

* 16 ದರ್ಜೆ: 6.1ರಿಂದ 8.2 ಸೆಂಟಿಸ್ಟೋಕ್‌ಗಿಂತ ಕಡಿಮೆ
* 20 ದರ್ಜೆ: 6.9ರಿಂದ 9.3ಕ್ಕಿಂತ ಕಡಿಮೆ
* 30 ದರ್ಜೆ: 9.3ರಿಂದ 12.5ಕ್ಕಿಂತ ಕಡಿಮೆ

ಹೈಬ್ರಿಡ್ ಕಾರುಗಳಿಗೆ ಹೆಚ್ಚಾಗಿ 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಎಣ್ಣೆಯನ್ನು ತಯಾರಕರು ಸೂಚಿಸುತ್ತಾರೆ. ದರ್ಜೆಯೊಂದೇ ಸಾಲದು, ಗುಣಮಟ್ಟದ ಗುರುತೂ ಹೊಂದಬೇಕು. ಎಪಿಐ ಎಸ್‌ಪಿ ದರ್ಜೆ 2020ರಲ್ಲಿಯೂ ಎಪಿಐ ಎಸ್‌ಕ್ಯೂ ದರ್ಜೆ 2025ರಲ್ಲಿಯೂ ಜಾರಿಗೆ ಬಂದವು. ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆ ಮತ್ತು ಗುಣಮಟ್ಟವೇ ಅಂತಿಮ ಪ್ರಮಾಣ.

ಘಟ್ಟದ ಏರಿಗೆ ದಪ್ಪ ಎಣ್ಣೆಯೇ ಒಳಿತೆಂಬ ನಂಬಿಕೆ ಚಾಲಕರಲ್ಲಿ ರೂಢವಾಗಿದೆ. ಹಳೆಯ ಎಂಜಿನ್ನುಗಳ ಅನುಭವದಿಂದ ಬಂದ ಈ ನಂಬಿಕೆಯನ್ನು ಹೈಬ್ರಿಡ್ ಎಂಜಿನ್ನಿಗೆ ಹಾಗೆಯೇ ಅನ್ವಯಿಸಲಾಗದು. ಅದರ ಬೇರಿಂಗಿನ ಸಂದಿ ಮತ್ತು ಎಣ್ಣೆಯ ಪಂಪು ತೆಳು ಎಣ್ಣೆಗಾಗಿಯೇ ರೂಪುಗೊಂಡಿರುತ್ತವೆ. ಕೈಪಿಡಿಯೇ ಪರ್ಯಾಯವಾಗಿ ದಪ್ಪ ದರ್ಜೆಯನ್ನು ಒಪ್ಪಿದ್ದರೆ ಮಾತ್ರ ಅದನ್ನು ಬಳಸಬಹುದು. ಮೋಟಾರು ಮತ್ತು ಗೇರುಗಳಿರುವ ಟ್ರಾನ್ಸಾಕ್ಸಲ್ ಭಾಗಕ್ಕೆ ಬೇರೆಯೇ ದ್ರವವಿದ್ದು, ಎಂಜಿನ್ ಎಣ್ಣೆಯನ್ನು ಅಲ್ಲಿ ಹಾಕಬಾರದು.

ಮಾದರಿಯ ಸಂಗ್ರಹ

ಎಂಜಿನ್ ಬಿಸಿಯಾಗಿ ಓಡಿದ ಬಳಿಕ ಎಣ್ಣೆ ಬಸಿಯುವಾಗ ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯಿಂದ ಸುಮಾರು 100 ಮಿಲಿಲೀಟರನ್ನು ಶುದ್ಧವಾದ ಒಣ ಬಾಟಲಿಯಲ್ಲಿ ಹಿಡಿಯಲಾಗುತ್ತದೆ. ಕಾರಿನ ಒಟ್ಟು ಓಟ, ಎಣ್ಣೆಯ ಓಟ, ಎಣ್ಣೆಯ ಹೆಸರು ಮತ್ತು ದರ್ಜೆ, ನಡುವೆ ತುಂಬಿಸಿದ ಎಣ್ಣೆಯ ಪ್ರಮಾಣ ಹಾಗೂ ದಿನಾಂಕವನ್ನು ಚೀಟಿಯಲ್ಲಿ ಬರೆಯಬೇಕು. ಹೈಬ್ರಿಡ್ ಕಾರು ಚಾಲೂ ಸ್ಥಿತಿಯಲ್ಲಿದ್ದರೆ ಎಂಜಿನ್ ತಾನಾಗಿಯೇ ಶುರುವಾಗುವ ಅಪಾಯವಿದೆ. ಆದ್ದರಿಂದ ಎಣ್ಣೆ ಬಸಿಯುವ ಮುನ್ನ ಕಾರನ್ನು ಸಂಪೂರ್ಣ ಬಂದ್ ಮಾಡಿ ಕೀಲಿಯನ್ನು ದೂರವಿಡುವುದು ಕಡ್ಡಾಯ. ಕಿತ್ತಳೆ ಬಣ್ಣದ ತಂತಿಗಳಲ್ಲಿ ಅಧಿಕ ವೋಲ್ಟೇಜ್ ಇರುವುದರಿಂದ ಅವನ್ನು ಮುಟ್ಟಬಾರದು.

ವರದಿಯನ್ನು ಓದುವ ಕ್ರಮ

ಒಂದೇ ವರದಿಯ ಅಂಕಿಗಿಂತ ಹಲವು ವರದಿಗಳ ಪ್ರವೃತ್ತಿ ಮುಖ್ಯ. ಉದಾಹರಣೆಗೆ, ಒಂದು ಕಾಲ್ಪನಿಕ ಕಾರಿನಲ್ಲಿ 5,000 ಕಿ.ಮೀ. ಓಡಿದ ಎಣ್ಣೆಯಲ್ಲಿ ಕಬ್ಬಿಣ 8 ಪಿಪಿಎಂ, ಮುಂದಿನ ಸಲ 7,500 ಕಿ.ಮೀ. ಓಡಿದ ಎಣ್ಣೆಯಲ್ಲಿ 12 ಪಿಪಿಎಂ ಇದ್ದರೆ, ಸಾವಿರ ಕಿ.ಮೀ.ಗೆ 1.6ರಂತೆ ಸವೆತದ ವೇಗ ಬದಲಾಗಿಲ್ಲ. ಮೂರನೆಯ ಸಲ 5,000 ಕಿ.ಮೀ.ಗೇ 20 ಪಿಪಿಎಂ ಬಂದರೆ ವೇಗ 4ಕ್ಕೇರಿದಂತೆ. ಜೊತೆಗೆ ಸಿಲಿಕಾನ್ ಕೂಡ ಏರಿದ್ದರೆ ಮೊದಲು ಏರ್ ಫಿಲ್ಟರನ್ನು ಪರೀಕ್ಷಿಸಬೇಕು. ಲೋಹ ಹೆಚ್ಚದೆ ನೀರು ಮತ್ತು ಪೆಟ್ರೋಲ್ ಮಾತ್ರ ಹೆಚ್ಚಿದ್ದರೆ ದೋಷ ಎಂಜಿನ್ನಿನದಕ್ಕಿಂತ ಓಡಾಟದ ರೀತಿಯದಾಗಿರುವುದೇ ಹೆಚ್ಚು. ವಾರಕ್ಕೊಮ್ಮೆ ದಾಂಡೇಲಿಯಿಂದ ಧಾರವಾಡದಷ್ಟು ದೂರದ ಪ್ರಯಾಣ ದೊರೆತರೆ ಎಣ್ಣೆ ಬಿಸಿಯಾಗಿ ಇವು ಬಹುಮಟ್ಟಿಗೆ ಆವಿಯಾಗುತ್ತವೆ.

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯೆಂದರೆ ಎಣ್ಣೆಯ ಅಳತೆಕಡ್ಡಿಯನ್ನು ನೋಡುವುದು. ಎಣ್ಣೆ ತುಂಬಿಸದೆಯೇ ಮಟ್ಟ ಏರಿದ್ದರೆ ಇಂಧನ ಅಥವಾ ನೀರು ಸೇರಿದೆಯೆಂದು ತಿಳಿಯಬೇಕು.

ಮಿತಿಗಳು

ಲೋಹಾಂಶದ ಪರೀಕ್ಷೆಯು ಕೆಲವೇ ಮೈಕ್ರಾನ್ ಗಾತ್ರದ ಸೂಕ್ಷ್ಮ ಕಣಗಳನ್ನು ಮಾತ್ರ ಸರಿಯಾಗಿ ಗುರುತಿಸುತ್ತದೆ. ದೊಡ್ಡ ಚೂರುಗಳೂ ಹಠಾತ್ ಮುರಿತಗಳೂ ಅದರ ಕಣ್ಣಿಗೆ ಬೀಳದಿರಬಹುದು. ಒಂದೇ ಕಾರುಳ್ಳ ಕುಟುಂಬಕ್ಕಿಂತ ಹಲವು ಟ್ಯಾಕ್ಸಿ ಅಥವಾ ಪ್ರವಾಸಿ ವಾಹನಗಳನ್ನು ನಡೆಸುವವರಿಗೆ ಇದರ ಪ್ರಯೋಜನ ಹೆಚ್ಚು. ವರದಿ ಉತ್ತಮವಾಗಿದೆಯೆಂದು ಎಣ್ಣೆ ಬದಲಿಸುವ ಅವಧಿಯನ್ನು ಕೈಪಿಡಿಯ ಮಿತಿಯಿಂದಾಚೆ ವಿಸ್ತರಿಸಿದರೆ ವಾರಂಟಿಗೆ ಧಕ್ಕೆಯಾಗಬಹುದು. ಕೈಪಿಡಿಗಳು ಸಾಮಾನ್ಯವಾಗಿ ಕಿಲೋಮೀಟರ್ ಮತ್ತು ತಿಂಗಳು ಎರಡನ್ನೂ ಹೇಳಿ, ಯಾವುದು ಮೊದಲೋ ಅದನ್ನು ಅನುಸರಿಸಲು ಸೂಚಿಸುತ್ತವೆ. ಕಡಿಮೆ ಓಡುವ ಹೈಬ್ರಿಡ್ ಕಾರಿಗೆ ತಿಂಗಳ ಲೆಕ್ಕವೇ ಮುಖ್ಯ.

ಬಳಸಿದ ಎಣ್ಣೆಯ ವಿಲೇವಾರಿ

ಬಳಸಿದ ಎಣ್ಣೆಯನ್ನು ಬೇಲಿಯ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯುವುದು, ಚರಂಡಿಗೆ ಸುರಿಯುವುದು ಗ್ರಾಮೀಣ ಭಾಗಗಳಲ್ಲಿ ಕಂಡುಬರುವ ರೂಢಿ. ಇದರಲ್ಲಿ ಭಾರಲೋಹಗಳೂ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುವುದರಿಂದ ಭಾರತದಲ್ಲಿ ಇದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರಿದೆ. 2023ರ ತಿದ್ದುಪಡಿಯು ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿದ್ದು, 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜೋಯಿಡಾ ತಾಲೂಕಿನಲ್ಲಿ ಹುಟ್ಟುವ ಕಾಳಿ ನದಿ ಸೂಪಾ ಜಲಾಶಯ ಮತ್ತು ದಾಂಡೇಲಿಯನ್ನು ಹಾಯ್ದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಈ ಭಾಗದ ಗ್ಯಾರೇಜಿನ ಅಂಗಳದಲ್ಲಿ ಚೆಲ್ಲಿದ ಎಣ್ಣೆಯು ಮಳೆನೀರಿನೊಂದಿಗೆ ಹಳ್ಳಗಳ ಮೂಲಕ ಈ ನದಿಯನ್ನು ತಲುಪಬಲ್ಲದು. ಆದ್ದರಿಂದ ಬಸಿದ ಎಣ್ಣೆಯನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿ ಕೂಡಿಟ್ಟು, ಅಧಿಕೃತ ಸಂಗ್ರಾಹಕರಿಗೆ ತಲುಪಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸುವುದು ಯುಕ್ತವಾದ ಕ್ರಮ.